ವಿಲ್ಫ್ ಓಡಲೇಬೇಕು

ಜನವರಿಯ ಭಾನುವಾರ, ಬೆಳಿಗ್ಗೆ ಒಂಬತ್ತೂವರೆ. ಬ್ಯಾಂಡ್ ಮೇಷ್ಟ್ರು ಕ್ಲಿಫರ್ಡ್ ಅಂಚೆಡಬ್ಬದ ಹಿಂದೆ ಅವಿತು ನಿಂತಿದ್ದ. ಎದುರು ಮನೆಯ ಬಾಗಿಲು ತೆರೆಯಿತು. ನಿವೃತ್ತ ಪೋಸ್ಟ್‌ಮನ್ ವಿಲ್ಫ್ ಚಡ್ಡಿ ತೊಟ್ಟು ಹೊರಬಂದ. ಕಾಲಲ್ಲಿ ಓಟದ ಬೂಟು. ಕೈಯಲ್ಲಿ ಕಹಳೆ ಇರಲಿಲ್ಲ. ಗೇಟು ಹಾಕಿ, ಮಂಡಿ ಒಮ್ಮೆ ಸವರಿಕೊಂಡು, ಗುಡ್ಡದ ದಾರಿ ಹಿಡಿದು ಓಡತೊಡಗಿದ.

"ಹೋದ! ದೇವರು ದೊಡ್ಡವನು," ಎಂದು ಕ್ಲಿಫರ್ಡ್ ಉಸಿರು ಬಿಟ್ಟ.

ಹತ್ತಕ್ಕೆ ಚರ್ಚಿನ ಹಿಂದಿನ ಕೋಣೆಯಲ್ಲಿ ತಾಲೀಮು. ವಿಲ್ಫ್ ಇಲ್ಲದಿದ್ದರೆ ಅದು ಸಂಗೀತ, ಇದ್ದರೆ ರಾದ್ಧಾಂತ. ಹಾಗಂತ ಅವನನ್ನು ಹೊರಗೆ ಹಾಕುವಂತೆಯೂ ಇಲ್ಲ. ಯಾರ್ಕ್‌ಷೈರಿನ ಆ ಗಣಿ ಊರಲ್ಲಿ ಬ್ಯಾಂಡಿನ ಕುರ್ಚಿ ತಾತನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬರುವಂಥದ್ದು. ವಿಲ್ಫ್‌ನ ತಾತನೇ ಬ್ಯಾಂಡ್ ಕಟ್ಟಿದವನು. ಮುಂದಿನ ಸಾಲಿನ ಕುರ್ಚಿಯ ಬೆನ್ನಿಗೆ ಇವತ್ತಿಗೂ ಅವನ ಹೆಸರಿನ ಹಿತ್ತಾಳೆ ಪಟ್ಟಿ ಇದೆ.

ಹುಡುಗನಾಗಿದ್ದಾಗ ಊರು ಬಿಟ್ಟ ವಿಲ್ಫ್, ಲಂಡನ್ನಿನಲ್ಲಿ ನಲವತ್ತು ವರ್ಷ ಕಾಗದ ಹಂಚಿ ಕಳೆದ ಶರತ್ಕಾಲದಲ್ಲಷ್ಟೇ ಮರಳಿದ್ದ. ಬಂದವನು ಮೊದಲು ಹೋದದ್ದು ಮೇವಿಸ್ ಎಂಬಾಕೆ ನಡೆಸುವ ನಾಯಿಧಾಮಕ್ಕೆ. ರೇಸಿನಲ್ಲಿ ಓಡಿ ಸವೆದ ಮೇಲೆ ಮಾಲೀಕರು ಕೈಬಿಟ್ಟ ಹದಿನೆಂಟು ಗ್ರೇಹೌಂಡುಗಳು ಅಲ್ಲಿ ಸೋರುವ ಮಾಡಿನಡಿ ನಡುಗುತ್ತಿದ್ದವು. ಮೇ ತಿಂಗಳೊಳಗೆ ಮಾಡು ಬದಲಿಸದಿದ್ದರೆ ಧಾಮ ಮುಚ್ಚಬೇಕೆಂದು ತಪಾಸಣೆಗೆ ಬಂದವರು ಹೇಳಿ ಹೋಗಿದ್ದರು. ವಿಲ್ಫ್ ತಡಮಾಡಲಿಲ್ಲ. ಏಪ್ರಿಲ್‌ನ ಮ್ಯಾರಥಾನ್ ಓಡುತ್ತೇನೆ, ಹೆಸರು ಬರೆದು ಮಾಡಿಗೆ ದೇಣಿಗೆ ಕೊಡಿ ಎಂದು ಪಬ್ಬಿನ ಗೋಡೆಗೆ ಪಟ್ಟಿ ಅಂಟಿಸಿದ. ವಾರವಾದರೂ ಬಿದ್ದದ್ದು ಮೂರೇ ಹೆಸರು. ಅದರಲ್ಲಿ ಒಂದು ಅವನದೇ.

ಮರುವಾರ ಅವನು ಕಹಳೆ ಹಿಡಿದು ಬ್ಯಾಂಡಿಗೆ ಬಂದ. ತಾತನ ಕುರ್ಚಿಯಲ್ಲಿ ಕೂತ. ಊದಿದ.

ತಾಲೀಮು ಮುಗಿದಾಗ ದೊಡ್ಡ ಡೋಲು ಬಾರಿಸುವ ಕಟುಕ ಡೆನಿಸ್‌ನ ಮುಖ ಬಿಳಿಚಿಕೊಂಡಿತ್ತು. ಸೀದಾ ಪಬ್ಬಿಗೆ ಹೋಗಿ ಆ ಪಟ್ಟಿಯನ್ನು ಮತ್ತೆ ಓದಿದ.

"ಕ್ಲಿಫರ್ಡ್, ಇಲ್ಲಿ ನೋಡೋ! ಮ್ಯಾರಥಾನೂ ನಮ್ಮ ಬ್ಯಾಂಡ್ ಸ್ಪರ್ಧೇನೂ ಒಂದೇ ದಿನ!"

"ಹೌದಲ್ಲೋ! ಭಾನುವಾರ ಹತ್ತು ಗಂಟೆಗೆ ಉದ್ದದ ಓಟ ಓಡು ಅಂತ ನಾನೇ ಒಂದು ವೇಳಾಪಟ್ಟಿ ಬರ್ಕೊಟ್ರೆ?"

"ಪಾಪ, ನಂಬ್ತಾನೆ. ಮುಗ್ಧ."

ಬರೆದುಕೊಟ್ಟ. ವಿಲ್ಫ್ ನಂಬಿದ. ಅಂದಿನಿಂದ ಬ್ಯಾಂಡಿನವರ ಹೆಸರುಗಳು ಪಟ್ಟಿಯಲ್ಲಿ ಸಾಲುಗಟ್ಟಿದವು. ನಾಯಿ ಕಂಡರೆ ರಸ್ತೆ ದಾಟುತ್ತಿದ್ದ ಡೆನಿಸ್ ಎರಡು ಸಲ ಬರೆದ.

ಫೆಬ್ರವರಿಯಲ್ಲಿ ದೇಣಿಗೆ ಅರ್ಧಕ್ಕೇ ನಿಂತಿತು. ಮರು ಭಾನುವಾರ ಸರಿಯಾಗಿ ಹತ್ತಕ್ಕೆ ಚರ್ಚಿನ ಕೋಣೆಯ ಬಾಗಿಲು ತೆರೆದುಕೊಂಡಿತು. ವಿಲ್ಫ್! ಕಂಕುಳಲ್ಲಿ ಕಹಳೆಯ ಪೆಟ್ಟಿಗೆ.

"ಮಂಡಿ ನೋವು ಕಣಯ್ಯಾ ಕ್ಲಿಫರ್ಡ್. ಪಟ್ಟಿನೂ ಮುಂದೆ ಹೋಗ್ತಿಲ್ಲ. ಓಟ ಬಿಟ್ಟು ನಿಮ್ಮ ಜೊತೇಲೇ ಇದ್ಬಿಡೋಣ ಅಂತ ಬಂದೆ."

ಎಲ್ಲರೂ ವಾದ್ಯ ಎತ್ತಿಕೊಂಡರು. ನುಡಿಸಿದರು. ಹಾಡಿನ ನಡುವೆ ಎಲ್ಲರೂ ಉಸಿರು ಹಿಡಿದು ಮೌನವಾಗಬೇಕಾದ ಒಂದು ಕ್ಷಣವಿತ್ತು. ಕರಾರುವಾಕ್ಕಾಗಿ ಆ ಕ್ಷಣದಲ್ಲೇ ವಿಲ್ಫ್‌ನ ಕಹಳೆ ಕಿರುಚಿತು. ಪಾದ್ರಿಯ ಹೆಂಡತಿ ಚಹದ ತಟ್ಟೆ ಕೈಬಿಟ್ಟಳು.

"ಅಲ್ಲಯ್ಯಾ, ಇಷ್ಟು ಕರೆಕ್ಟಾಗಿ ತಪ್ಪು ಜಾಗದಲ್ಲಿ ಅದು ಹೇಗೆ ಊದ್ತೀಯ?" ಕ್ಲಿಫರ್ಡ್ ತಲೆ ಹಿಡಿದುಕೊಂಡ.

ವಿಲ್ಫ್ ನಾಚಿಕೊಂಡ. "ಎಲ್ಲಾ ಅಭ್ಯಾಸ ಕಣಯ್ಯಾ."

ಅವನ ಕಹಳೆಯನ್ನು ಕ್ಲಿಫರ್ಡ್ ತಾನೇ ಪೆಟ್ಟಿಗೆಗೆ ತುಂಬಿ ಮುಚ್ಚಿದ. ಬಾಯಿಡುವ ಕಡೆ ಬೆಳ್ಳಿಯ ಲೇಪ ಪೂರ್ತಿ ಸವೆದು ಹಿತ್ತಾಳೆ ಕಾಣುತ್ತಿತ್ತು. ಪಾಪ, ಯಾವ ಗುಜರಿಯಲ್ಲಿ ಕೊಂಡನೋ ಎಂದುಕೊಂಡ. ಸಂಜೆಯೊಳಗೆ ಡೆನಿಸ್ ಮಂಡಿಗೆ ಪಟ್ಟಿ, ನೋವಿನ ಮುಲಾಮು ಎರಡನ್ನೂ ತಂದುಕೊಟ್ಟ. "ಓಡಪ್ಪಾ ನೀನು. ಬ್ಯಾಂಡನ್ನ ನಾವು ನೋಡ್ಕೋತೀವಿ. ಓಡು!" ಅದೇ ರಾತ್ರಿ ದೇಣಿಗೆಯ ಪಟ್ಟಿ ಭರ್ತಿಯಾಯಿತು. ಪಾದ್ರಿಯ ಹೆಂಡತಿಯೂ ಬರೆದಳು.

ಒಂದು ದಿನ ಮೇವಿಸ್ ಸಂತೆಯಲ್ಲಿ ಕ್ಲಿಫರ್ಡ್‌ಗೆ ಸಿಕ್ಕಳು. "ವಿಲ್ಫ್ ಬಂದ ದಿನ ನಮ್ಮ ನಾಯಿಗಳು ಒಂದೂ ಊಳಿಡಲ್ಲ ನೋಡಿ."

"ನಮ್ಮಲ್ಲಿಗೆ ಬಂದ್ರೆ ನಾವೇ ಊಳಿಡ್ತೀವಿ," ಎಂದ ಕ್ಲಿಫರ್ಡ್. ಅವಳು ಯಾಕೋ ಬಹಳ ಹೊತ್ತು ನಕ್ಕಳು.

ಏಪ್ರಿಲ್ ಬಂತು. ವಿಲ್ಫ್ ಆರು ಮುಕ್ಕಾಲು ಗಂಟೆ ಓಡಿ, ಕುಂಟಿ, ಕೊನೆಗೆ ಬಹುಪಾಲು ತೆವಳಿ ಗುರಿ ಮುಟ್ಟಿದ. ಅದೇ ದಿನ ಬ್ಯಾಂಡಿಗೆ ಕೊನೆಯಿಂದ ಎರಡನೇ ಸ್ಥಾನ ಸಿಕ್ಕಿತು.

"ವಿಲ್ಫ್ ಇದ್ದಿದ್ರೆ ಏನಾಗ್ತಿತ್ತು, ಸ್ವಲ್ಪ ಯೋಚ್ನೆ ಮಾಡಿ!" ಎಂದ ಕ್ಲಿಫರ್ಡ್. ಎಲ್ಲರೂ ನಡುಗಿದರು.

ಆದರೂ ಅವನ ಮನಸ್ಸು ಚುಚ್ಚುತ್ತಿತ್ತು. ಅರವತ್ತು ದಾಟಿದ ಮುಗ್ಧ ಮನುಷ್ಯನನ್ನು ಮೋಸದಿಂದ ಅಷ್ಟು ದೂರ ಓಡಿಸಿದೆನಲ್ಲ! ಮೇ ತಿಂಗಳ ಒಂದು ಶನಿವಾರ ಮಧ್ಯಾಹ್ನ, ಉಳಿದ ದೇಣಿಗೆಯ ಚೆಕ್ಕು ಹಿಡಿದು, ತಪ್ಪೊಪ್ಪಿಕೊಂಡೇ ಬಿಡೋಣವೆಂದು ನಾಯಿಧಾಮಕ್ಕೆ ಹೊರಟ.

ಹೊಸ ಮಾಡಿನಡಿಯಿಂದ ಕಹಳೆಯ ದನಿ ಬರುತ್ತಿತ್ತು. ರೇಡಿಯೋ ಇರಬೇಕೆಂದುಕೊಂಡ. ತನಗೆ ಕೈಗೂಡದೆ ಮೂವತ್ತು ವರ್ಷದ ಹಿಂದೆಯೇ ಬಿಟ್ಟುಬಿಟ್ಟಿದ್ದ ಹಾಡದು. ದನಿ ಅದರ ತುತ್ತತುದಿಯ ಸ್ವರಕ್ಕೆ ಹತ್ತಿ, ಅಲ್ಲೇ ನಿಂತು, ಕೂದಲೆಳೆಯಷ್ಟೂ ಅಲುಗದೆ ಇಳಿಯಿತು. ಕ್ಲಿಫರ್ಡ್‌ನ ಕಣ್ಣುಗಳು ತುಂಬಿದವು. ಕಿಟಕಿಯಲ್ಲಿ ಇಣುಕಿದ.

ಹದಿನೆಂಟು ನಾಯಿಗಳು ಮುಂಗಾಲ ಮೇಲೆ ಮೂತಿಯಿಟ್ಟು ಮಲಗಿದ್ದವು. ನಡುವೆ, ಬೆರಳಿಗೆಲ್ಲ ಪಟ್ಟಿ ಸುತ್ತಿದ ಕಾಲು ಚಾಚಿ ವಿಲ್ಫ್ ಕೂತಿದ್ದ. ಬೆಳ್ಳಿ ಸವೆದ ಆ ಕಹಳೆಯನ್ನು ತುಟಿಯಿಂದ ಇಳಿಸಿ ಒರೆಸಿಕೊಂಡ.

"ಚಳಿಗಾಲಕ್ಕೆ ಹೀಟರ್ ಬೇಕು ಅಂದ್ಯಲ್ಲ ಮೇವಿಸ್? ನಾಳೆ ಭಾನುವಾರ. ಹೋಗಿ ಸ್ವಲ್ಪ ಕೆಟ್ಟದಾಗಿ ಊದಿ ಬರ್ತೀನಿ."