ಸೋರಿದರೆ ವಾಪಸ್

"ಸೋರಿದ್ರೆ ವಾಪಸ್ ತಗಂಬಾ, ಬಿಟ್ಟಿ ಮಾಡಿಕೊಡ್ತೀನಿ" ಎಂದು ಅಂಜಿನಪ್ಪ ಪಂಪ್‌ಸೆಟ್ಟಿನ ಬುಷ್ಷನ್ನು, ಅಚ್ಚಿಗೆ ಕೂರುವ ಲೋಹದ ಬಳೆಯನ್ನು, ಸಾಸ್ವೆಹಳ್ಳಿಯ ಸಣ್ಣಪ್ಪನ ಕೈಗಿಟ್ಟ. ನ್ಯಾಮತಿಯ ಅವನ ಲೇತ್ ಶೆಡ್ಡಿನಿಂದ ಯಾವ ಸಾಮಾನು ಹೊರಗೆ ಹೋದರೂ ಈ ಮಾತು ಅದರ ಜೊತೆಗೇ ಹೋಗುತ್ತಿತ್ತು.

ಬಾಗಿಲಲ್ಲಿ ಕಾದಿದ್ದ ಹಾಲಸ್ವಾಮಿ ಕರ್ಚೀಫಿನ ಗಂಟು ಬಿಚ್ಚಿ ಒಂದು ಸವೆದ ಬುಷ್ ತೆಗೆದ. ಎರಡು ವರ್ಷ ಇದೇ ಲೇತಿನ ಮುಂದೆ ನಿಂತು ಕೆಲಸ ಕಲಿತು, ಆಮೇಲೆ ನೇವಿಗೆ ಸೇರಿದವನು. ಎಂಬತ್ತೈದರ ಆ ಬೇಸಿಗೆಯಲ್ಲಿ ಅವನು ರಜಕ್ಕೆ ಬಂದಿದ್ದ. ಅವನ ಕೆಲಸ ಒಂದು ಜಲಾಂತರ್ಗಾಮಿಯಲ್ಲಿ, ಊರಲ್ಲಿ ಅದನ್ನು ಹೇಳುವಂತಿರಲಿಲ್ಲ. ಆ ಹಡಗು ಬೇರೆ ದೇಶದವರು ಹದಿನಾಲ್ಕು ವರ್ಷ ಓಡಿಸಿ, ಬಣ್ಣ ಹೊಡೆದು ಮಾರಿದ್ದು. ಸಮುದ್ರದ ನೀರನ್ನು ತಡೆಯುವ ಒಂದು ವಾಲ್ವಿನ ಬುಷ್ ಸವೆದು ಸೋರತೊಡಗಿತ್ತು. ಹೊಸದು ಬೇಕೆಂದು ಬರೆದ ಕಾಗದಗಳಿಗೆ ಒಂದೂವರೆ ವರ್ಷದಿಂದ ಉತ್ತರವಿಲ್ಲ. ಎಲ್ಲಿಯಾದರೂ ಮಾಡಿಸಿಕೊಂಡು ಬಾ, ಎಲ್ಲಿ ಎಂದು ಮಾತ್ರ ತನಗೆ ಹೇಳಬೇಡ ಎಂದಿದ್ದ ಮೇಲಿನ ಅಧಿಕಾರಿ.

"ಈ ಅಳತೇದು ನಾನು ಕಂಡೇ ಇಲ್ಲ. ಯಾವ ಪಂಪಿಂದೋ ಇದು?" ಅಂಜಿನಪ್ಪ ಬುಷ್ಷನ್ನು ಬೆಳಕಿಗೆ ಹಿಡಿದು ತಿರುಗಿಸಿದ.

"ಫಾರಿನ್ದು ಅಣ್ಣ. ಸೆಕೆಂಡ್ ಹ್ಯಾಂಡ್ ತಗಂಡಿರೋದು. ಮಾರಿದೋರೇ ಈಗ ಈ ಸಾಮಾನು ಮಾಡೋದು ಬಿಟ್ಟಾರಂತೆ."

ಹೊರಟಿದ್ದ ಸಣ್ಣಪ್ಪ ತಿರುಗಿ ಬಂದು ಕುಕ್ಕರಗಾಲಲ್ಲಿ ಕೂತ. ಇನ್ನೊಬ್ಬರು ಮೋಸ ಹೋದ ಕಥೆಯನ್ನು ಅರ್ಧಕ್ಕೆ ಬಿಟ್ಟು ಹೋಗುವವನಲ್ಲ.

"ನೀರಿಗೆ ಇಳಿಸಿ ನೋಡಿದ್ರೋ, ಬರೀ ಬಣ್ಣ ನೋಡಿ ತಗಂಡ್ರೋ?"

"ಇಳಿಸಿ ನೋಡಿದ್ರು, ಅವರ ಕಡೆ ನೀರಾಗೆ. ಅಲ್ಲಿ ನೀರು ತಣ್ಣಗೆ. ನಮ್ಮ ಕಡೆ ಬಂದ ಮ್ಯಾಲೆ ರಬ್ಬರೆಲ್ಲ ಮೆತ್ತಗಾಗಾಕೆ ಹತ್ತಿದ್ವು."

"ಅವರ ಬಾವ್ಯಾಗೇನು ಐಸ್ ಹಾಕಿದ್ರೇನೋ? ಹೆಂಗೆ ರಿಪೇರಿ ಮಾಡಬೇಕು ಅಂತ ಪುಸ್ತಕ ಕೊಟ್ಟಿಲ್ಲೇನು?"

"ಕೊಟ್ಟಾರೆ. ಅವರ ಭಾಷೇಲಿ."

"ನಾನಾದ್ರೂ ಎತ್ತು ತಗಣಾಕೆ ಹೋದ್ರೆ ಹಲ್ಲು ಎಣಿಸಿ ತಗಂತೀನಪ್ಪ!" ಸಣ್ಣಪ್ಪ ತೊಡೆ ತಟ್ಟಿಕೊಂಡು ನಕ್ಕ.

ಅಂಜಿನಪ್ಪ ಹಳೆಯ ಹಿತ್ತಾಳೆಯ ತುಂಡೊಂದನ್ನು ಲೇತಿಗೆ ಕಚ್ಚಿಸಿ ಸ್ವಿಚ್ ಹಾಕಿದ. ಹಾಲಸ್ವಾಮಿ ಅವನ ಕೈ ತಡೆದ.

"ಹಿತ್ತಾಳೆ ಬ್ಯಾಡಣ್ಣ, ಬೇಗ ಸವೀತೈತೆ. ಗನ್‌ಮೆಟಲ್ ಹಾಕು. ಕೂದಲಿನಷ್ಟೂ ಆಚೀಚೆ ಆಗಬಾರದು."

"ನನಗೇ ಕಲಿಸಾಕೆ ಬಂದ್ಯಾ? ಎಷ್ಟು ಆಳ ಐತೆ ನಿನ್ನ ಬಾವಿ?"

"ಆರುನೂರು ಅಡಿ."

"ಈ ಸೀಮ್ಯಾಗೆ ಆರುನೂರು ಅಡಿ ಬಾವಿ ಯಾವನು ತೋಡ್ಯಾನೋ?" ಎಂದ ಸಣ್ಣಪ್ಪ.

"ಎಷ್ಟಾದ್ರೂ ಇರ್ಲಿ. ಒಂದು ಹನಿ ಸೋರಿದ್ರೆ ಏನಾಗ್ತೈತೆ? ಮ್ಯಾಲೆ ಎತ್ತಿ ನೋಡಿದ್ರಾತು" ಎಂದ ಅಂಜಿನಪ್ಪ.

"ಎತ್ತಾಕೆ ಮ್ಯಾಲೆ ಯಾರೂ ಇರಲ್ಲಣ್ಣ. ಎಪ್ಪತ್ತು ಜನಾನೂ ಒಳಗೇ ಇರ್ತೀವಿ."

ಅಂಜಿನಪ್ಪ ಸ್ವಿಚ್ ಆರಿಸಿದ. ಬೆಲ್ಟು ಇನ್ನೂ ನಾಲ್ಕು ಸುತ್ತು ತಿರುಗಿ ನಿಂತಿತು. ಅವನು ಹಾಲಸ್ವಾಮಿಯ ಮುಖವನ್ನೊಮ್ಮೆ, ಕೈಯಲ್ಲಿದ್ದ ಸವೆದ ಬುಷ್ಷನ್ನೊಮ್ಮೆ ನೋಡಿದ. ಹಿತ್ತಾಳೆಯ ತುಂಡನ್ನು ಬಿಚ್ಚಿ ಗುಜರಿ ಡಬ್ಬಕ್ಕೆ ಹಾಕಿದ. ಬೆಂಚಿನ ಕೆಳಗಿನಿಂದ, ಗೋಣಿತಾಟಿನಲ್ಲಿ ಸುತ್ತಿಟ್ಟಿದ್ದ ಗನ್‌ಮೆಟಲ್ಲಿನ ಸರಳನ್ನು ಎಳೆದ.

ಸಾಸ್ವೆಹಳ್ಳಿಯ ಬಸ್ಸು ಬಂತು, ಹಾರನ್ ಮಾಡಿತು, ಹೋಯಿತು. ಸಣ್ಣಪ್ಪ ಏಳಲಿಲ್ಲ. ಮೊದಲು ಮಾಡಿದ ಬುಷ್ಷನ್ನು ಅಂಜಿನಪ್ಪ ಕ್ಯಾಲಿಪರ್ ಹಿಡಿದು ಅಳೆದು ನೋಡಿ, ಯಾರೂ ಏನೂ ಅನ್ನದಿದ್ದರೂ, ತಾನೇ ಡಬ್ಬಕ್ಕೆ ಎಸೆದ. ಎರಡನೆಯದು ಮುಗಿಯುವ ಹೊತ್ತಿಗೆ ಬಿಸಿಲು ಶೆಡ್ಡಿನ ಹಿಂದಕ್ಕೆ ಹೋಗಿತ್ತು. ಅದನ್ನು ಬನಿಯನ್ ಬಟ್ಟೆಯಿಂದ ಒರೆಸಿ, ಊದಿ, ಮತ್ತೆ ಒರೆಸಿ ಹಾಲಸ್ವಾಮಿಯ ಅಂಗೈಯಲ್ಲಿಟ್ಟ.

"ಸೋರಿದ್ರೆ..." ಅಭ್ಯಾಸದ ಮಾತು ಬಾಯಿಗೆ ಬಂತು. ಅಲ್ಲಿಗೇ ನಿಂತಿತು.

ಅಂಜಿನಪ್ಪ ಕೈಯ ಎಣ್ಣೆಯನ್ನು ಬಟ್ಟೆಗೆ ತಿಕ್ಕುತ್ತಾ ಹೇಳಿದ:

"ಸೋರಲಿಲ್ಲ ಅಂದ್ರೆ, ಬಂದು ಹೇಳಿ ಹೋಗಪ್ಪ."