ಮಹಾನಟರ ಕೈ

ಶಿಲ್ಪಿ ಪ್ಲಾಸ್ಟರ್ ಕಲಸಿದ ಬೋಗುಣಿಯನ್ನು ಮೇಜಿನ ಮೇಲಿಟ್ಟು, "ಎರಡೂ ಕೈ ಕೊಡಿ ಸಾರ್, ಅಚ್ಚು ತೆಗೆದುಬಿಡೋಣ" ಎಂದ. ಮಹಾನಟರು ಕೋಟಿನ ಜೇಬಿನಿಂದ ಕೈ ಹೊರಗೆ ತೆಗೆಯಲಿಲ್ಲ. ಬಣ್ಣದ ಕೋಣೆಯ ಮೂಲೆಯಲ್ಲಿ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದ ದರ್ಜಿಯ ಕಡೆ ತಿರುಗಿ, "ಬಾಪ್ಪಾ, ನೀನೇ ಬಾ" ಎಂದರು.

"ಸಾರ್, ರಂಗಮಂದಿರದ ಹಜಾರದಲ್ಲಿ ಇಡೋದು ನಿಮ್ಮ ಕೈ..." ಶಿಲ್ಪಿ ತಡವರಿಸಿದ.

"ಸಿನಿಮಾದಲ್ಲಿ ಜನ ನೋಡಿದ ಕೈ ಬೇಕೋ, ಬೇಡವೋ?" ಮಹಾನಟರು ಜೇಬಿನಿಂದ ಒಂದು ಕೈ ತೆಗೆದು ತೋರಿಸಿ ಮತ್ತೆ ಒಳಗಿಟ್ಟರು. ದುಂಡು ದುಂಡಗಿನ, ಮೋಟು ಬೆರಳಿನ ಆ ಕೈ ನೋಡಿದ ಮೇಲೆ ಶಿಲ್ಪಿ ಬೋಗುಣಿಯನ್ನು ದರ್ಜಿಯ ಕಡೆಗೆ ಸರಿಸಿದ.

ಕೈ ಬಚ್ಚಿಡುವುದರಲ್ಲಿ ಮಹಾನಟರದು ಎತ್ತಿದ ಕೈ. ರಂಗದ ಮೇಲೆ ಇಪ್ಪತ್ತು ವರ್ಷ ಅದನ್ನು ಜೇಬಿನಲ್ಲೋ ಬೆನ್ನ ಹಿಂದೆಯೋ ಇಟ್ಟುಕೊಂಡೇ ಕಳೆದರು. ವಿಮರ್ಶಕರು ಅದನ್ನು ಸಂಯಮ ಎಂದು ಕೊಂಡಾಡಿದರು. ಕ್ಯಾಮೆರಾ ಮಾತ್ರ ಬಿಡಲಿಲ್ಲ. ಮೊದಲ ಸಿನಿಮಾದಲ್ಲಿ, ಯುದ್ಧಕ್ಕೆ ಹೊರಟ ಮಗನ ಅಂಗಿಗೆ ತಂದೆ ಗುಂಡಿ ಹೊಲಿದುಕೊಡಬೇಕಿತ್ತು. ಹನ್ನೊಂದು ಸಲ ಸೂಜಿ ಬೆರಳಿಗೆ ಚುಚ್ಚಿತೇ ಹೊರತು ದಾರ ಸೂಜಿಯೊಳಗೆ ಹೋಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ದರ್ಜಿ ತಡೆಯಲಾರದೆ, "ಇಲ್ಲಿ ಕೊಡಿ ಸಾರ್" ಎಂದ. ಕ್ಯಾಮೆರಾ ಅವನ ಕೈಯನ್ನಷ್ಟೇ ಹತ್ತಿರದಿಂದ ಹಿಡಿಯಿತು. ಊರಿಗೆ ಊರೇ ಅತ್ತದ್ದು ಆ ಗುಂಡಿಗೆ. ಅಂದಿನಿಂದ ತೆರೆಯ ಮೇಲೆ ಪ್ರೇಮಪತ್ರ ಹರಿದದ್ದು, ಸತ್ತ ತಾಯಿಯ ಕಣ್ಣು ಮುಚ್ಚಿದ್ದು, ಎಲ್ಲ ದರ್ಜಿಯ ಕೈ. "ಇವರ ಕೈಗಳು ಮಾತಾಡುತ್ತವೆ" ಎಂದು ಪ್ರಶಸ್ತಿಪತ್ರದಲ್ಲಿ ಬರೆದರು. ಮಾತಾಡುತ್ತಿದ್ದವು, ನಿಜ, ತಾವು ಯಾರವು ಎಂದು ಮಾತ್ರ ಹೇಳುತ್ತಿರಲಿಲ್ಲ.

ದರ್ಜಿಗೆ ಅದರ ಕೊರಗಿರಲಿಲ್ಲ. ಅವನ ಕೊರಗೆಲ್ಲ ಹೆಂಡತಿಯದು. ಗುಟ್ಟನ್ನು ಅವಳೊಬ್ಬಳಿಗೇ ಹೇಳಿದ್ದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ನಿಮ್ಮ ಕೈಯಾ? ಒಲೆ ಮೇಲಿನ ಪಾತ್ರೆ ನೆಟ್ಟಗೆ ಇಳಿಸೋಕೆ ಬರಲ್ಲ! ಆ ಕೈ ನೋಡಿ ನಾನು ಎರಡು ಕರವಸ್ತ್ರ ಒದ್ದೆ ಮಾಡಿದ್ದೀನಿ ಕಣ್ರೀ." ಅವಳು ಒಂದೇ ಒಂದು ಸಲ ನಂಬಿದ್ದರೆ ಸಾಕಿತ್ತು, ಅವನಿಗೆ ಬೇರೆ ಪ್ರಶಸ್ತಿ ಬೇಕಿರಲಿಲ್ಲ.

ಪ್ಲಾಸ್ಟರ್ ಗಟ್ಟಿಯಾಗುವ ತನಕ ದರ್ಜಿ ಅಲುಗಾಡದೆ ಕೂತ. "ಕಿರುಬೆರಳು ಸ್ವಲ್ಪ ಸಡಿಲ ಬಿಡು, ಅದು ನನ್ನ ಶೈಲಿ" ಎಂದು ಮಹಾನಟರು ಎದುರು ಕೂತು ಹೇಳಿಕೊಟ್ಟರು. ಅಚ್ಚಿನಿಂದ ಕೈ ಎರಕವಾಗಿ ಹೊರಬಂದಾಗ ಎಡಗೈಯ ಮೇಲೆ ಇಸ್ತ್ರಿಪೆಟ್ಟಿಯ ಮೂತಿ ತಾಗಿದ ಹಳೆಯ ಸುಟ್ಟ ಕಲೆ ಮುಕ್ಕೋನವಾಗಿ ಎದ್ದು ಕಾಣುತ್ತಿತ್ತು. ಸಿನಿಮಾದಲ್ಲಿ ಅದನ್ನು ಬಣ್ಣ ಹಚ್ಚಿ ಮುಚ್ಚುತ್ತಿದ್ದರು.

"ಇದನ್ನ ಉಜ್ಜಿ ತೆಗೀತೀನಿ" ಎಂದ ಶಿಲ್ಪಿ.

"ಬೇಡ, ಇರಲಿ!" ದರ್ಜಿಯ ದನಿ ತಾನಾಗಿ ಏರಿತು.

ಮಹಾನಟರು ತಲೆ ಓರೆ ಮಾಡಿ ನೋಡಿದರು. "ಇರಲಿ ಬಿಡಿ. ನಾನು ಎಷ್ಟು ಕಷ್ಟಪಟ್ಟು ಮೇಲೆ ಬಂದೆ ಅಂತ ಜನಕ್ಕೂ ಗೊತ್ತಾಗಲಿ."

ಕಂಚಿನ ಕೈಗಳ ಉದ್ಘಾಟನೆಯಾದ ಮರುವಾರ ದರ್ಜಿ ಹೆಂಡತಿಯನ್ನು ರಂಗಮಂದಿರಕ್ಕೆ ಕರೆದುಕೊಂಡು ಹೋದ. ದಾರಿಯಲ್ಲಿ ಏನೂ ಹೇಳಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಕಂಚಿನ ಎಡಗೈಯ ಪಕ್ಕದಲ್ಲಿ ತನ್ನ ಎಡಗೈ ಇಟ್ಟು ನಿಂತ.

"ರೀ ಯಜಮಾನ್ರೇ, ಕೈ ತೆಗೀರಿ!" ಕಾವಲುಗಾರ ಓಡಿಬಂದ. "ಯಾರ ಕೈ ಅಂತ ಗೊತ್ತೇನ್ರೀ ಅದು?"

ದರ್ಜಿ ಕೈ ಹಿಂತೆಗೆದ. ಆದರೆ ಹೆಂಡತಿ ನೋಡಬೇಕಾದ್ದನ್ನು ನೋಡಿಯಾಗಿತ್ತು. ಬಗ್ಗಿ ಕಂಚಿನ ಮೇಲಿನ ಕಲೆ ನೋಡಿದಳು, ಗಂಡನ ಕೈ ಎಳೆದು ಅದರ ಕಲೆ ನೋಡಿದಳು, ಮತ್ತೆ ಕಂಚನ್ನು ನೋಡಿದಳು. ಮೂರೂ ಮೂಲೆ ಹೊಂದಿದವು. ಅವಳ ಕಣ್ಣಲ್ಲಿ ನೀರಾಡಿತು. ದರ್ಜಿಯ ಎದೆ ಹೊಲಿಗೆ ಯಂತ್ರದ ಹಾಗೆ ಬಡಿದುಕೊಂಡಿತು.

"ಈ ಕಲೆ ಅಸಹ್ಯ ಅಂತ ನಿಮ್ಮನ್ನ ಎಷ್ಟು ಸಲ ಆಡ್ಕೊಂಡಿದ್ದೀನಿ" ಎನ್ನುತ್ತ ಅವಳು ಅದನ್ನು ಮೆಲ್ಲಗೆ ಸವರಿದಳು. "ಇನ್ನು ಆಡ್ಕೊಳ್ಳಲ್ಲ, ಬೇಜಾರು ಮಾಡ್ಕೋಬೇಡಿ. ಅಂಥ ದೊಡ್ಡವರ ಕೈಗೇ ಇದೆ, ನಿಮ್ಮದೇನು ಮಹಾ!"