ಮನೋಬಲ

ಪಾರ್ಟಿಯಲ್ಲಿ ಗೆಳೆಯರೆಲ್ಲ ನುಂಗಿದ್ದು ಒಂದೇ ಥರದ ನಶೆಯ ಮಾತ್ರೆ. ಮೈ ಕಾದ ಹೆಂಚಾಗಿ, ಕೈಕಾಲು ಸೆಟೆದು ಆಸ್ಪತ್ರೆ ಸೇರಿದವನು ಮಾತ್ರ ಅವನೊಬ್ಬನೇ.

ಪ್ರಜ್ಞೆ ಬಂದಾಗ ಅಮ್ಮ ಗಂಜಿಯ ಫ್ಲಾಸ್ಕ್ ಹಿಡಿದು ಪಕ್ಕದಲ್ಲೇ ಕೂತಿದ್ದಳು. ಅವನು ಹಲ್ಲು ಕಡಿದ. "ಆ ಪ್ರಮೋದ ನಂಗೆ ಕಲಬೆರಕೆ ಮಾಲು ಕೊಟ್ಟ. ಸ್ನೇಹಿತ ಅಂತ ನಂಬಿದ್ದೆ."

"ಅವನೂ ಅದನ್ನೇ ತಗೊಂಡಿದ್ದಾನೆ, ಆರಾಮಾಗಿದ್ದಾನೆ," ಎಂದರು ಡಾಕ್ಟರು. "ನೀನು ಖಿನ್ನತೆಗೆ ಯಾವ ಮಾತ್ರೆ ತಗೋತಿದ್ದೀಯಾ, ಅದನ್ನ ಹೇಳು. ಎರಡೂ ಸೇರಿದ್ರೆ ಹೀಗೇ ಆಗೋದು."

ಅವನಿಗೆ ಮೈಯೆಲ್ಲ ಉರಿಯಿತು. ಹೋದ ವರ್ಷ ಕೋಣೆಯಲ್ಲಿ ಮುಸುಕೆಳೆದು ಬಿದ್ದಿದ್ದಾಗ ಡಾಕ್ಟರಿಗೆ ತೋರಿಸೋಣವೆಂದು ಅಮ್ಮ ಅಂಗಲಾಚಿದ್ದಳು. ನನಗೇನು ಹುಚ್ಚೇ ಎಂದು ಅವನು ಕೂಗಾಡಿದ ಮೇಲೆ ಅವಳೂ ಸುಮ್ಮನಾದಳು. ಆಮೇಲೆ ಅವನು ತಾನಾಗಿಯೇ ಎದ್ದ, ಓಡತೊಡಗಿದ, ನಕ್ಕ. ಬಾಯಿ ಒಣಗಿದರೆ, ಕೈ ನಡುಗಿದರೆ ಓಟದ ಆಯಾಸವೆಂದುಕೊಂಡ. ಮನೋಬಲವಿದ್ದವನಿಗೆ ಮಾತ್ರೆ ಯಾಕೆ ಎಂದು ಕಂಡಕಂಡವರಿಗೆಲ್ಲ ಉಪದೇಶ ಮಾಡಿದ.

"ಅಂಥ ಮಾತ್ರೆ ನಾನು ಮುಟ್ಟೇ ಇಲ್ಲ!" ಸಲೈನ್ ಚುಚ್ಚಿದ್ದ ಕೈಯನ್ನೇ ಎತ್ತಿ ಅವನು ಅಮ್ಮನ ತಲೆಯ ಮೇಲಿಟ್ಟ. "ನಮ್ಮಮ್ಮನಾಣೆ. ನಂಗೆ ಮೋಸ ಮಾಡ್ದೇ ಇರೋಳು ಇವಳೊಬ್ಬಳೇ. ಬೇಕಾದ್ರೆ ಕೇಳಿ."

ಅಮ್ಮ ಆ ಕೈಯನ್ನು ಮೆಲ್ಲನೆ ಕೆಳಗಿಳಿಸಿದಳು.

"ಅವನು ನಿಜಾನೇ ಹೇಳ್ತಿದ್ದಾನೆ ಡಾಕ್ಟ್ರೇ," ಎಂದಳು. "ದಿನಾ ಬೆಳಿಗ್ಗೆ ಮಾತ್ರೆ ಪುಡಿ ಮಾಡಿ ಗಂಜಿಗೆ ಹಾಕ್ತಿದ್ದೋಳು ನಾನು."